ಸೇಗೆಲ್ ಬೀದಿಯ ಹಸಿರು ಬಾಗಿಲು

ಊರು ತೋರಿಸುವ ಗೈಡು ಇಂಗೆಲಾ ಅತಿಥಿಗಳಿಂದ ತುಂಬಿಸಿಕೊಳ್ಳುವ ನಮೂನೆಯಲ್ಲಿ ಐದೇ ಪ್ರಶ್ನೆಗಳು. ಹೆಸರು, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಏನು ನೋಡಲು ಇಷ್ಟ, ವಿಶೇಷ ಕೋರಿಕೆ ಏನಾದರೂ ಇದೆಯೆ. ಕೊನೆಯದಕ್ಕೆ ಜನ ಸಾಮಾನ್ಯವಾಗಿ ಮಂಡಿನೋವು ಅಂತಲೋ, ಮೆಟ್ಟಿಲು ಬೇಡ ಅಂತಲೋ, ಹೆಂಡತಿಯ ಹುಟ್ಟುಹಬ್ಬ ಅಂತಲೋ ಬರೆಯುತ್ತಾರೆ. ಒಬ್ಬ ಜರ್ಮನ್ ದಂತವೈದ್ಯ ದಾರಿಯಲ್ಲಿ ಬೆಕ್ಕು ಎದುರಾಗದಂತೆ ನೋಡಿಕೊಳ್ಳಿ ಎಂದು ಬರೆದಿದ್ದ.

ಸೆಪ್ಟೆಂಬರಿನ ಎರಡನೇ ವಾರ ಬಂದ ನಮೂನೆ ಹೀಗಿತ್ತು. ಹೆಸರು: ಎವರ್ಟ್ ಲಿಂಡ್‌ಹಾಗ. ಜನ: ಒಬ್ಬ. ಎಲ್ಲಿಂದ ಎಲ್ಲಿಗೆ: ಕಬ್ಬಿಣದ ಚೌಕದಿಂದ ಪಶ್ಚಿಮದ ಕೊನೆಯ ಟ್ರಾಮ್ ನಿಲ್ದಾಣದವರೆಗೆ, ಹಳಿಯ ಪಕ್ಕದಲ್ಲೇ ನಡೆದು. ಏನು ನೋಡಲು ಇಷ್ಟ: ಏನೂ ಇಲ್ಲ. ವಿಶೇಷ ಕೋರಿಕೆ: ಆರನೇ ನಿಲ್ದಾಣದಿಂದ ಎಂಟನೆಯದರವರೆಗೆ ಮಾತು ನಿಲ್ಲಿಸಬಾರದು. ಉಸಿರಾಡುವುದಕ್ಕೂ.

ಫೋನ್ ಸಂಖ್ಯೆ ಅವಳದೇ ಊರು ಗೋಥೆನ್‌ಬರ್ಗಿನದು. ಊರಿನವರೇ ಊರು ತೋರಿಸು ಎಂದು ಬಂದದ್ದು ಅವಳ ಹದಿನಾರು ವರ್ಷದ ಕೆಲಸದಲ್ಲಿ ಮೂರೋ ನಾಲ್ಕೋ ಸಲ. ಯಾರೋ ಗೆಳೆಯರ ಕುಚೇಷ್ಟೆ ಇರಬೇಕೆಂದು ಫೋನ್ ಮಾಡಿದಳು.

"ಕುಚೇಷ್ಟೆ ಅಲ್ಲ," ಎಂದಿತು ಆ ಕಡೆಯ ದನಿ. "ನಾನು ಟ್ರಾಮ್ ಓಡಿಸೋನು. ಇಪ್ಪತ್ತೊಂಬತ್ತು ವರ್ಷ, ಅದೇ ಹಳಿ."

"ಹಾಗಾದ್ರೆ ನೀವೇ ನನಗೆ ಊರು ತೋರಿಸಬೇಕು."

"ನಾನು ನೋಡಿರೋ ಊರು ಹಳಿಯಿಂದ ಆ ಕಡೆ ಎರಡು ಮೀಟರು, ಈ ಕಡೆ ಎರಡು ಮೀಟರು. ಅದರಾಚೆ ನಮ್ಮೂರಲ್ಲಿ ಏನಿದೆ ದೇವರಿಗೇ ಗೊತ್ತು."

ಇಂಗೆಲಾ ನಕ್ಕಳು. ಅವನು ನಗಲಿಲ್ಲ.

"ಏಳನೇ ನಿಲ್ದಾಣ ಸೇಗೆಲ್ ಬೀದಿ," ಎಂದ. "ಹೋದ ಅಕ್ಟೋಬರಲ್ಲಿ ಅಲ್ಲಿ ನನ್ನ ಗಾಡಿಗೆ ಒಬ್ರು ಸಿಕ್ಕಿದ್ರು. ತೀರ್ಕೊಂಡ್ರು. ವಿಚಾರಣೆ ಆಯ್ತು. ನನ್ನ ತಪ್ಪಿಲ್ಲ ಅಂದ್ರು."

ಇದನ್ನು ಅವನು ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ ಹೇಳಿದ. ಆಮೇಲೆ ಉಳಿದದ್ದನ್ನೂ ಅದೇ ದನಿಯಲ್ಲಿ ಹೇಳಿದ. ಹನ್ನೊಂದು ತಿಂಗಳಿಂದ ಅವನಿಗೆ ಶೆಡ್ಡಿನಲ್ಲಿ ಕೆಲಸ. ಹಳಿ ಕವಲಿಗೆ ಎಣ್ಣೆ ಹಾಕುವುದು, ಸೀಟು ಬದಲಿಸುವುದು. ತಿಂಗಳ ಕೊನೆಯ ಸೋಮವಾರ ಅವನು ಮತ್ತೆ ಅದೇ ಹಳಿಯ ಮೇಲೆ ಗಾಡಿ ತೆಗೆದುಕೊಂಡು ಹೋಗಬೇಕು. ಹೋಗಲಾಗದಿದ್ದರೆ ಶೆಡ್ಡೇ ಖಾಯಂ. ಮೊದಲು ಒಂದು ಸಲ ನಡೆದು ದಾಟಿ ನೋಡಿ ಎಂದು ಡಾಕ್ಟರು ಹೇಳಿದ್ದರು. ಎರಡು ಸಲ ಹೊರಟಿದ್ದ.

"ಆರನೇ ನಿಲ್ದಾಣ ಬಂದ ತಕ್ಷಣ ಕಾಲು ವಾಪಸ್ ತಿರುಗುತ್ತೆ. ನಾನಲ್ಲ ಮಾರಾಯ್ತಿ, ಕಾಲು."

"ಮನೆಯವರು ಯಾರಾದ್ರೂ ಜೊತೆಗೆ ಬಂದ್ರೆ?"

"ಹೆಂಡತಿ ಬಂದ್ರೆ ನನ್ನ ಮುಖ ನೋಡ್ತಾಳೆ. ಜೊತೆ ಕೆಲಸ ಮಾಡೋರು ಬಂದ್ರೆ ನೆಲ ನೋಡ್ತಾರೆ. ನೀನು ಕಟ್ಟಡ ನೋಡ್ತೀಯ. ಅದಕ್ಕೇ ನಿನ್ನನ್ನ ಹಿಡಿದಿದ್ದು." ಎಂದ. "ಆ ವಿಷಯ ಮಾತ್ರ ಎತ್ತಬೇಡ. ಬೇರೆ ಏನು ಬೇಕಾದ್ರೂ ಹೇಳು. ರಾಜರು, ಬೆಂಕಿ ಬಿದ್ದಿದ್ದು, ಯಾವ ಕಿಟಕಿ ಎಷ್ಟು ಹಳೇದು. ಸುಳ್ಳಾದ್ರೂ ನಡೆಯುತ್ತೆ."

"ಸುಳ್ಳು ಹೇಳಲ್ಲ ನಾನು."

"ಸರಿ, ನಿಜಾನೇ ಹೇಳು. ಆದ್ರೆ ನಿಲ್ಲಿಸಬೇಡ."

ದಿನ, ಗಂಟೆ ಗೊತ್ತುಮಾಡಿಕೊಂಡು ಫೋನ್ ಇಡುವ ಹೊತ್ತಿಗೆ ಅವನು ಮತ್ತೆ ಬಾಯಿ ತೆರೆದ. "ಗಂಟೆ ಬಾರಿಸಿದ್ದು ನನಗೆ ನೆನಪಿಲ್ಲ. ಎರಡು ಸಲ ಬಾರಿಸಿದ್ದೀಯ ಅಂತ ಗಾಡಿಯ ಯಂತ್ರದಲ್ಲಿ ದಾಖಲಾಗಿದೆ, ಕಾಗದ ತೋರಿಸಿದ್ರು. ಕಾಗದದಲ್ಲಿದೆ. ನನ್ನ ಕಿವಿಯಲ್ಲಿಲ್ಲ."

ಉತ್ತರಕ್ಕೆ ಕಾಯದೆ ಅವನು ಫೋನ್ ಇಟ್ಟ.

ಇಂಗೆಲಾಳಿಗೆ ಈ ಕೆಲಸ ಕಲಿಸಿದವಳು ಗುನ್‌ವೋರ್ ಎಂಬ ಹಿರಿಯ ಗೈಡು. ಕಲಿಸಿದ್ದು ಬಹಳ, ನಿಂತದ್ದು ಎರಡು ಮಾತು. ಎರಡು ಬಾಯಿಂದ ಕೇಳಿರದ ಸಂಗತಿಯನ್ನು ಬೀದಿಯಲ್ಲಿ ಆಡಬೇಡ. ಅತಿಥಿಯನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಬೇಡ. ಬಿಸಿಲು ಗೈಡಿನ ಕಣ್ಣಿಗೆ, ನೆರಳು ಅತಿಥಿಯ ಕಣ್ಣಿಗೆ. ಹದಿನಾರು ವರ್ಷ ಬಿಸಿಲಿಗೆ ಎದುರಾಗಿ ನಿಂತು ಇಂಗೆಲಾಳ ಕಣ್ಣಂಚಿನಲ್ಲಿ ನಲವತ್ತನಾಲ್ಕರ ವಯಸ್ಸಿಗೆ ಮೀರಿದ ಗೆರೆಗಳು ಬಿದ್ದಿದ್ದವು.

ಹೊಸ ದಾರಿಯನ್ನು ಗೈಡುಗಳು ಮೊದಲು ಒಬ್ಬರೇ ನಡೆದು ನೋಡುತ್ತಾರೆ. ಆರನೇ ನಿಲ್ದಾಣದಿಂದ ಎಂಟನೆಯದಕ್ಕೆ ಎಂಟುನೂರ ನಲವತ್ತು ಹೆಜ್ಜೆ, ಹನ್ನೊಂದು ನಿಮಿಷ. ಅಷ್ಟರಲ್ಲಿ ತೋರಿಸಲು ಏನೂ ಇಲ್ಲ. ಕೆಳಗೆ ಕಲ್ಲು, ಮೇಲೆರಡು ಮಹಡಿ ಮರ, ಇಡೀ ಪಶ್ಚಿಮದ ಕೇರಿಯಲ್ಲಿ ಇರುವಂಥದೇ ಮನೆಗಳು. ಒಂದು ಹಲ್ಲಿನ ಆಸ್ಪತ್ರೆ. ಮುಚ್ಚಿದ ಬೇಕರಿ. ಶಿಶುವಿಹಾರ. ಬಣ್ಣದ ಅಂಗಡಿ. ಯಾವ ಗೈಡೂ ಇಲ್ಲಿಗೆ ಯಾರನ್ನೂ ಕರೆತಂದವರಲ್ಲ. ಎಲ್ಲರೂ ಆರನೇ ನಿಲ್ದಾಣದಲ್ಲೇ ಎಡಕ್ಕೆ ತಿರುಗಿ ಇಗರ್ಜಿಯ ಗುಡ್ಡ ಹತ್ತುತ್ತಾರೆ. ನಗರದ ಹಳೆಯ ದಾಖಲೆಗಳಲ್ಲಿ ಹುಡುಕಿದಾಗ ಸೇಗೆಲ್ ಬೀದಿಯ ಹೆಸರು ಒಂದೇ ಕಡೆ ಸಿಕ್ಕಿತು. ನೂರು ವರ್ಷಕ್ಕೂ ಹಿಂದೆ ಒಂದು ಲಾಯಕ್ಕೆ ಬೆಂಕಿ ಬಿದ್ದಿತ್ತು. ಕುದುರೆಗಳೆಲ್ಲ ಬದುಕಿಕೊಂಡಿದ್ದವು.

ಅವಳು ಬಣ್ಣದ ಅಂಗಡಿಗೆ ಹೋದಳು. ಒಳಗೆ ಬೇರೆ ಗಿರಾಕಿ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿದ್ದ ದಪ್ಪ ಮೀಸೆಯ ಅಂಗಡಿಯವ ತಾಪಿಯೋ ತಲೆ ಎತ್ತದೆ ಬಾಗಿಲ ಪಕ್ಕದ ಪೆಟ್ಟಿಗೆಯತ್ತ ಬೆರಳು ತೋರಿಸಿದ.

"ನಂಬರ್ ತಗೋ."

"ನಾನೊಬ್ಳೇ ಇರೋದು."

"ತಗೋ ತಾಯಿ. ಸರದಿ ಅಂದ್ಮೇಲೆ ಸರದಿ."

ನಲವತ್ತೊಂದನೇ ನಂಬರು ಬಂತು. ತಾಪಿಯೋ ಗೋಡೆಯ ಮೇಲಿನ ಅಂಕಿ ನೋಡಿ "ನಲವತ್ತೊಂದು!" ಎಂದು ಖಾಲಿ ಅಂಗಡಿಗೆ ಕೂಗಿದ. ಇಂಗೆಲಾ ಕೈ ಎತ್ತಿದಳು.

"ಯಾವ ಬಣ್ಣ?"

"ಬಣ್ಣ ಬೇಡ. ಈ ಬೀದಿಯ ಬಗ್ಗೆ ಏನಾದ್ರೂ ಗೊತ್ತಿದೆಯಾ? ನಾನು ಗೈಡು."

"ಗೈಡು, ಸೇಗೆಲ್ ಬೀದಿಗೆ!" ಅವನು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. "ಫಿನ್ಲೆಂಡಿಂದ ಬಂದು ಮೂವತ್ತು ವರ್ಷ ಇಲ್ಲೇ ಕೂತಿದ್ದೀನಿ. ಹೇಳೋವಂಥದ್ದು ಏನೂ ನಡೆದಿಲ್ಲ." ಮೀಸೆ ಒರೆಸಿಕೊಂಡ. "ಒಂದು ನಡೆದಿದೆ. ಅದು ಹೇಳೋವಂಥದ್ದಲ್ಲ."

ಹೇಳುವಂಥದ್ದಲ್ಲ ಎಂದವನು ಗಲ್ಲಾಪೆಟ್ಟಿಗೆಯ ಕೆಳಗಿಂದ ಒಂದು ದಪ್ಪ ಪುಸ್ತಕ ತೆಗೆದ. ಕಲಸಿದ ಪ್ರತಿ ಡಬ್ಬಿಯ ಚೀಟಿಯನ್ನೂ ಅವನು ಅದರಲ್ಲಿ ಅಂಟಿಸುತ್ತಾನೆ, ಪಕ್ಕದಲ್ಲಿ ಬೆರಳಿನಿಂದ ಆ ಬಣ್ಣದ ಒಂದು ಬೊಟ್ಟು ಇಡುತ್ತಾನೆ. ಪುಟ ತಿರುವುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. ಕೊಳದ ಆಳದ ಹಾಗಿದ್ದ ಒಂದು ಹಸಿರು. ಚೀಟಿಯ ಮೇಲೆ ಯಂತ್ರ ಒತ್ತಿದ ತಾರೀಖು ಇತ್ತು: ಅಕ್ಟೋಬರ್ ಒಂಬತ್ತು, ಹತ್ತು ಗಂಟೆ ನಲವತ್ತೆರಡು ನಿಮಿಷ.

"ಎದುರಿನ ಹದಿನಾಲ್ಕನೇ ಮನೆಯ ಮೈಬ್ರಿಟ್ ಬಾಗಿಲಿಗೆ ಬಣ್ಣ ಕೇಳಿದ್ಲು. ಹಳೇ ಬಾಗಿಲಿನ ಒಂದು ಚಕ್ಕೆ ತಂದಿದ್ಲು, ಇದೇ ಹಸಿರು ಆಗಬೇಕು ಅಂತ. ಯಂತ್ರದಿಂದ ಆಗಲ್ಲ ಅದು. ಕೊನೇದು ಕೈಯಲ್ಲೇ ಹಾಕಬೇಕು. ಐದು ಹನಿ ಕಪ್ಪು. ನಾಲ್ಕು ಹಾಕಿದ್ದೆ. ಆಗ ಹೊರಗೆ ಗಂಟೆ."

"ಟ್ರಾಮಿನ ಗಂಟೆ?"

"ಮತ್ತೇನು, ಇಗರ್ಜಿದಾ? ಒಂದಲ್ಲ, ಎರಡು ಸಲ. ಎರಡನೇದು ನಿಲ್ಲಲೇ ಇಲ್ಲ. ಮೂವತ್ತು ವರ್ಷದಿಂದ ಆ ಗಂಟೆ ಕೇಳ್ತಿದ್ದೀನಿ, ನನ್ನ ಕೈ ಯಾವತ್ತೂ ಅಲ್ಲಾಡಿಲ್ಲ. ಅವತ್ತು ಅಲ್ಲಾಡ್ತು. ಕಪ್ಪು ಸೊರ್ ಅಂತ ಬಿತ್ತು." ಅವನು ಪುಸ್ತಕದ ಮೇಲಿನ ಬೊಟ್ಟನ್ನು ಉಗುರಿನಿಂದ ಮುಟ್ಟಿದ. "ಓಡಿ ಹೋದೆ. ಮಾಡೋದಕ್ಕೆ ಏನೂ ಇರಲಿಲ್ಲ."

ಅವನು ಪುಸ್ತಕ ಮುಚ್ಚಿದ.

"ವಾರ ಬಿಟ್ಟು ಮೈಬ್ರಿಟ್ ಬಂದ್ಲು. ಕೆಟ್ಟೋಗಿದೆ, ಬೇರೆ ಕಲಸಿ ಕೊಡ್ತೀನಿ ಅಂದೆ. ಬೇಡ, ಅದೇ ಕೊಡು ಅಂದ್ಲು. ಯಾಕೆ ಅಂತ ನಾನು ಕೇಳಲಿಲ್ಲ."

ಇಂಗೆಲಾ ಬೀದಿ ದಾಟಿ ಹದಿನಾಲ್ಕನೇ ಮನೆಯ ಗಂಟೆ ಒತ್ತಿದಳು. ನಿಲ್ದಾಣದ ಕಂಬಕ್ಕೆ ಸರಿಯಾಗಿ ಎದುರಿನ ಬಾಗಿಲು. ಸಾಲಿನ ಬೇರೆಲ್ಲ ಬಾಗಿಲುಗಳಿಗಿಂತ ಒಂದು ಛಾಯೆ ಗಾಢ. ತಿಳಿಯದವರು ನೆರಳು ಬಿದ್ದಿದೆ ಎಂದುಕೊಳ್ಳಬೇಕು.

ಎಂಬತ್ತು ದಾಟಿದ ಮೈಬ್ರಿಟ್ ಅವಳು ಯಾರು, ಯಾಕೆ ಬಂದಳು ಎಂದು ಕೇಳುವ ಮೊದಲೇ "ಬೂಟು ಅಲ್ಲೇ ಬಿಡು, ಕಾಫಿ ಇದೆ" ಎಂದಳು. ಕೇಳಿದ್ದು ಎರಡನೇ ಕಪ್ಪಿನ ಹೊತ್ತಿಗೆ.

"ಅವತ್ತು ತೀರ್ಕೊಂಡ ಹೆನ್ನಿಂಗ್ ನಮ್ಮ ಮೇಲಿನ ಮನೆಯವನು," ಎಂದಳು. "ಬಂದರಿನಲ್ಲಿ ಕ್ರೇನ್ ನಡೆಸ್ತಿದ್ದ. ದಿನಾ ಪಕ್ಕದ ಬೀದಿಗೆ ಬನ್ನು ತರೋಕೆ ಹೋಗ್ತಿದ್ದ, ಅವತ್ತು ನಿನಗೂ ಎರಡು ತರ್ತೀನಿ ಅಂದಿದ್ದ. ಅದಕ್ಕೇ ಕಿಟಕಿ ಹತ್ರ ಕೂತಿದ್ದೆ."

"ಗಂಟೆ ಕೇಳಿಸಿತಾ ನಿಮಗೆ?"

"ನನ್ನ ಕಿವಿ ನೋಡಿದ್ದೀಯಾ? ನೀನು ಮಾತಾಡೋದೇ ಅರ್ಧ ಕೇಳಿಸ್ತಿಲ್ಲ. ನನಗೇ ಕೇಳಿಸಿತು. ಎರಡು ಸಲ." ಅವಳು ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡಿದಳು. "ಹೆನ್ನಿಂಗ್ ಏನೋ ಯೋಚಿಸ್ತಿದ್ದ. ಯಾವಾಗ್ಲೂ ಹಾಗೇ ಅವನು. ಮೆಟ್ಟಿಲ ಮೇಲೆ ಎದುರಿಗೆ ಬಂದ್ರೂ ನನ್ನನ್ನ ನೋಡ್ತಿರಲಿಲ್ಲ, ಆಮೇಲೆ ವಾಪಸ್ ಬಂದು ನಮಸ್ಕಾರ ಹೇಳೋನು."

"ಬಾಗಿಲಿಗೆ ಆ ಬಣ್ಣ ಯಾಕೆ ತಗೊಂಡ್ರಿ?"

"ಇನ್ನೊಂದು ಸಲ ಕಲಸೋದು ಯಾಕೆ? ಆ ಬಣ್ಣ ಏನು ಮಾಡಿತ್ತು?" ಎಂದಳು ಮೈಬ್ರಿಟ್. ಆಮೇಲೆ, "ಪಾಪ, ಆ ಡ್ರೈವರ್. ಈಗ ಹೇಗಿದ್ದಾನೋ."

ಅತಿಥಿಗಳ ವಿಷಯ ಇಂಗೆಲಾ ಯಾರ ಹತ್ತಿರವೂ ಆಡುವವಳಲ್ಲ. ಕಾಫಿ ಕುಡಿದಳು.

ಎರಡು ಬಾಯಿ ಆಗಿತ್ತು. ಮನೆಗೆ ಬಂದು ಹನ್ನೊಂದು ನಿಮಿಷಕ್ಕೆ ಬೇಕಾದ ಮಾತನ್ನೆಲ್ಲ ಬರೆದಳು. ಲಾಯ, ಕುದುರೆ, ಕೆಳಗೆ ಕಲ್ಲು ಮೇಲೆ ಮರ ಯಾಕೆ, ಬೇಕರಿಯ ಒಲೆ, ಶಿಶುವಿಹಾರದ ಹೆಸರು. ಆ ಇಡೀ ದಾರಿಯಲ್ಲಿ ಹೇಳಲೇಬೇಕಾದದ್ದು ಒಂದೇ ಇತ್ತು. ಅದನ್ನು ಹೇಳಬೇಡ ಎಂದು ಅವನು ಕೇಳಿಕೊಂಡಿದ್ದ. ಅದನ್ನು ಬರೆಯದೆ ಬಿಟ್ಟಳು.

ಶನಿವಾರ ಬೆಳಗ್ಗೆ ಆಕಾಶ ಶುಭ್ರವಾಗಿತ್ತು. ಕಬ್ಬಿಣದ ಚೌಕದ ಕಾರಂಜಿಯ ಹತ್ತಿರ ಎವರ್ಟ್ ಹೇಳಿದ ಹೊತ್ತಿಗೆ ಎರಡು ನಿಮಿಷ ಮೊದಲೇ ನಿಂತಿದ್ದ. ಐವತ್ತೊಂಬತ್ತರ, ಅಗಲ ಭುಜದ ಮನುಷ್ಯ. ಮಡಚಿದ ಕೊಡೆ, ಒಂದು ಫ್ಲಾಸ್ಕು.

"ಮಳೆ ಬರಲ್ಲ ಇವತ್ತು," ಎಂದಳು ಇಂಗೆಲಾ.

"ಹನ್ನೊಂದು ತಿಂಗಳಿಂದ ಛಾವಣಿ ಕೆಳಗೇ ಇದ್ದೀನಿ. ಈ ಆಕಾಶದ ಮೇಲೆ ನನಗೆ ನಂಬಿಕೆ ಇಲ್ಲ."

ಹೊರಟರು. ಮೊದಲ ನಿಲ್ದಾಣ ಬಂದಾಗ ಎವರ್ಟ್ ನಿಂತ. ದಣಿವಾಯಿತೇನೋ ಎಂದುಕೊಂಡಳು. ಅವನು ಬಲಕ್ಕೆ ತಲೆ ತಿರುಗಿಸಿ, ಕೊಂಚ ಮೇಲೆ ನೋಡಿ, ಮತ್ತೆ ಹೊರಟ. ಎರಡನೇ ನಿಲ್ದಾಣದಲ್ಲೂ ಹಾಗೇ. ಮೂರನೆಯದರಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಯಾರಾದ್ರೂ ಹತ್ತೋರು ಇದ್ದಾರಾ?"

ಎವರ್ಟ್ ತನ್ನ ಕಾಲನ್ನು ನೋಡಿಕೊಂಡ. ಕಿವಿ ಕೆಂಪಾಯಿತು. "ಒಂದೊಂದು ನಿಲ್ದಾಣಕ್ಕೆ ಹದಿನೆಂಟು ಸೆಕೆಂಡು," ಎಂದ. "ಆಮೇಲೆ ಕನ್ನಡಿ ನೋಡಿ ಬಾಗಿಲು ಮುಚ್ಚೋದು. ಹೆಂಡತಿ ಜೊತೆ ಅಂಗಡಿಗೆ ಹೋದ್ರೂ ಹೀಗೇ. ಅವಳು ಮುಂದೆ ಹೋಗಿಬಿಟ್ಟಿರ್ತಾಳೆ."

"ನಾನು ಹೋಗಲ್ಲ. ನಿಲ್ತೀನಿ. ಬಾಗಿಲು ಮುಚ್ಚಿದ ಮೇಲೆ ಹೇಳಿ."

ಅವನು ಅಂದು ಮೊದಲ ಸಲ ನಕ್ಕ.

ಹಗ್ಗ ಹೊಸೆಯುತ್ತಿದ್ದ ಉದ್ದನೆಯ ಕಟ್ಟಡ, ನಾವಿಕರ ಹೆಂಡಂದಿರು ಹಡಗು ನೋಡಲು ಹತ್ತುತ್ತಿದ್ದ ಬಂಡೆ, ಅವಳು ಒಂದೊಂದನ್ನೇ ತೋರಿಸಿದಳು. ಎಲ್ಲವೂ ಹಳಿಯಿಂದ ಮೂವತ್ತು ಹೆಜ್ಜೆಯೊಳಗೆ. "ಇದು ಇಲ್ಲೇ ಇತ್ತಾ?" ಎಂದು ಪ್ರತಿ ಸಲ ಎವರ್ಟ್ ಕೇಳಿದ, ಯಾರೋ ತನಗೆ ಮೋಸ ಮಾಡಿದ್ದಾರೆ ಎಂಬ ಹಾಗೆ. ಐದನೇ ನಿಲ್ದಾಣದ ಬೆಂಚಿನ ಮೇಲೆ ಕೂತು ಅವನ ಫ್ಲಾಸ್ಕಿನ ಕಾಫಿ ಕುಡಿದರು. ದಾಲ್ಚಿನ್ನಿಯ ಬನ್ನನ್ನು ಅವನ ಹೆಂಡತಿ ಇಬ್ಬರಿಗೂ ಕಟ್ಟಿಕೊಟ್ಟಿದ್ದಳು.

"ನೀನ್ಯಾಕೆ ಬೆಳಗಿಂದ ಕಣ್ಣು ಕಿರಿದು ಮಾಡ್ಕೊಂಡೇ ಮಾತಾಡ್ತೀಯ?" ಎಂದ.

ಇಂಗೆಲಾ ಗುನ್‌ವೋರಳ ಎರಡನೇ ಮಾತನ್ನು ಹೇಳಿದಳು. ಬಿಸಿಲು ಗೈಡಿಗೆ, ನೆರಳು ಅತಿಥಿಗೆ. ಎವರ್ಟ್ ಬನ್ನು ಅಗಿಯುತ್ತ ಅದನ್ನು ಯೋಚಿಸಿದ.

"ಒಳ್ಳೇ ನಿಯಮ. ನಮ್ಮ ಗಾಡಿಯಲ್ಲಿ ಬಿಸಿಲಿಗೆ ಪರದೆ ಇದೆ."

ಎದುರಿಗೆ ಎರಡು ಟ್ರಾಮುಗಳು ಒಂದನ್ನೊಂದು ಹಾದು ಹೋದವು. ಒಳಗಿನ ಡ್ರೈವರುಗಳು ಹಿಡಿಕೆಯಿಂದ ಎರಡು ಬೆರಳು ಎತ್ತಿ ಪರಸ್ಪರ ವಂದಿಸಿದರು, ನೋಟ ಹಳಿಯ ಮೇಲೇ ಇತ್ತು. ಎವರ್ಟನ ಬಲಗೈ ಮಂಡಿಯ ಮೇಲೆ ಅಲುಗಿ ಸುಮ್ಮನಾಯಿತು. ಬೆಂಚಿನ ಮೇಲಿದ್ದವನನ್ನು ಅವರಿಬ್ಬರೂ ನೋಡಲಿಲ್ಲ.

ಆರನೇ ನಿಲ್ದಾಣದಲ್ಲಿ ಅವನು ಹದಿನೆಂಟು ಸೆಕೆಂಡಿಗಿಂತ ಜಾಸ್ತಿ ನಿಂತ.

"ಶುರು ಮಾಡು," ಎಂದ.

ಅವಳು ಶುರು ಮಾಡಿದಳು. ಅವನು ಬಯಸಿದಂತೆ ಕಟ್ಟಡಗಳನ್ನೇ ನೋಡುತ್ತ, ಅವನ ಮುಖದತ್ತ ಒಮ್ಮೆಯೂ ತಿರುಗದೆ ಮಾತಾಡಿದಳು. ಬೆಂಕಿಗೆ ಹೆದರಿ ನಗರದವರು ಮೂರು ಮಹಡಿ ಮರದ ಮನೆ ಬೇಡ ಎಂದಿದ್ದು, ಕಟ್ಟುವವರು ಕೆಳಗಿನದನ್ನು ಕಲ್ಲಿನಲ್ಲಿ ಕಟ್ಟಿ ಮೇಲೆರಡನ್ನು ಮರದಲ್ಲಿ ಏರಿಸಿದ್ದು. ಬೇಕರಿಯ ಒಲೆಗೆ ಅಡುಗೆಮನೆಯ ಗೋಡೆ ಬಿಸಿಯಾಗುತ್ತಿದ್ದ ಪಕ್ಕದ ಮನೆ. ಪಕ್ಕದಲ್ಲಿ ಅವನ ಬೂಟಿನ ಸದ್ದು ಬರುತ್ತಲೇ ಇತ್ತು. ಹಲ್ಲಿನ ಆಸ್ಪತ್ರೆಯ ಬಗ್ಗೆ ಹೇಳುವಾಗ ಆ ಸದ್ದು ಇಲ್ಲವೆಂದು ಗೊತ್ತಾದದ್ದು ಹತ್ತು ಹೆಜ್ಜೆ ಆದಮೇಲೆ. ಅಷ್ಟು ದೂರ ಅವಳು ಯಾರಿಗೂ ಅಲ್ಲದೆ ಹಲ್ಲಿನ ವಿಷಯ ಮಾತಾಡಿದ್ದಳು.

ತಿರುಗಿದಳು. ಎವರ್ಟ್ ಸೇಗೆಲ್ ಬೀದಿಯ ನಿಲ್ದಾಣದ ಕಂಬದ ಹತ್ತಿರ ನಿಂತಿದ್ದ. ಮನಸ್ಸು ದಾಟಿಬಿಡಬೇಕೆಂದುಕೊಂಡಿತ್ತೇನೋ, ಕಾಲು ನಿಲ್ದಾಣ ಕಂಡು ನಿಂತುಬಿಟ್ಟಿತ್ತು. ಬಲಕ್ಕೆ ತಲೆ ತಿರುಗಿಸಿ ಇಲ್ಲದ ಕನ್ನಡಿಯನ್ನು ನೋಡುತ್ತಿದ್ದ. ಹದಿನೆಂಟು ಸೆಕೆಂಡು ಕಳೆಯಿತು. ಮೂವತ್ತು ಕಳೆಯಿತು.

ಇಂಗೆಲಾ ಮಾತು ನಿಲ್ಲಿಸದೆ ವಾಪಸ್ ಬಂದಳು. ಶಿಶುವಿಹಾರದ ಹೆಸರು ಹೇಳಿದಳು. ಹಳಿ ಹಾಕಿದ ವರ್ಷ ಹೇಳಿದಳು. ಲಾಯದ ಬೆಂಕಿ ಹೇಳಿದಳು. "ಹನ್ನೆರಡು ಕುದುರೆ. ಒಂದೂ ಸಾಯಲಿಲ್ಲ," ಎಂದಳು. ಹಿಂದಿನ ದಿನ ಕಾಗದದ ಮೇಲೆ ಏನೂ ಅನ್ನಿಸದಿದ್ದ ಆ ಮಾತು ಅಲ್ಲಿ ಬೀದಿಯಲ್ಲಿ ಆಡಬಾರದ್ದಾಗಿ ಕೇಳಿಸಿತು. ಅದರಾಚೆ ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಮೇಲಿನ ತಂತಿ ಸಣ್ಣಗೆ ಗುನುಗುತ್ತಿತ್ತು.

"ನೀನು ಮಾತು ನಿಲ್ಲಿಸಿದೆ," ಎಂದ ಎವರ್ಟ್. ಅವನ ಹಣೆ ಒದ್ದೆಯಾಗಿತ್ತು.

"ಮುಗೀತು."

"ಇನ್ನೂ ಅರ್ಧ ದಾರಿ ಇದೆ. ಏನಾದ್ರೂ ಹೇಳು. ವಾಪಸ್ ತಿರುಗುತ್ತೆ ಈ ಕಾಲು, ಹೇಳು."

"ಒಂದಿದೆ. ನೀವು ಎತ್ತಬೇಡ ಅಂದಿದ್ದಕ್ಕೆ ಸೇರಿದ್ದು. ಇಬ್ಬರನ್ನ ಕೇಳಿ ಖಾತ್ರಿ ಮಾಡ್ಕೊಂಡಿದ್ದೀನಿ. ಬೇಡ ಅಂದ್ರೆ ಕೈ ಎತ್ತಿ, ನಿಲ್ಲಿಸ್ತೀನಿ."

ಅವನ ಕೈ ಜೇಬಿನಲ್ಲಿತ್ತು. ಅಲ್ಲೇ ಇತ್ತು.

ಇಂಗೆಲಾ ಸೂರ್ಯನ ಕಡೆ ಮುಖ ಮಾಡಿ ನಿಂತಳು. ಹದಿನಾರು ವರ್ಷ ಇಗರ್ಜಿಗಳನ್ನೂ ಕೋಟೆಗಳನ್ನೂ ತೋರಿಸಿದ ದನಿಯಲ್ಲೇ ಹೇಳಿದಳು. ಬೇರೆ ದನಿ ಅವಳಿಗೆ ಗೊತ್ತಿರಲಿಲ್ಲ.

"ನಿಮ್ಮೆದುರಿಗೆ ಹದಿನಾಲ್ಕನೇ ಮನೆಯ ಬಾಗಿಲು. ಈ ಹಸಿರು ಊರಿನಲ್ಲಿ ಬೇರೆಲ್ಲೂ ಇಲ್ಲ, ಯಾವ ಬಣ್ಣದ ಪಟ್ಟಿಯಲ್ಲೂ ಇಲ್ಲ. ಇದನ್ನ ಕಲಸಿದ್ದು ನಿಮ್ಮ ಬೆನ್ನ ಹಿಂದಿನ ಅಂಗಡಿಯ ತಾಪಿಯೋ. ಹೋದ ವರ್ಷ ಅಕ್ಟೋಬರ್ ಒಂಬತ್ತು, ಹತ್ತು ನಲವತ್ತೆರಡಕ್ಕೆ. ಐದು ಹನಿ ಕಪ್ಪು ಹಾಕಬೇಕಿತ್ತು. ನಾಲ್ಕು ಹಾಕಿದ್ದ. ಆಗ ಇಲ್ಲಿ ಟ್ರಾಮಿನ ಗಂಟೆ ಬಾರಿಸಿತು. ಎರಡು ಸಲ. ಅವನ ಕೈ ಅಲ್ಲಾಡಿ ಕಪ್ಪು ಜಾಸ್ತಿ ಬಿತ್ತು. ಮನೆಯವರು ಮೈಬ್ರಿಟ್, ಆ ಕಿಟಕಿಯಲ್ಲಿ ಕೂತಿದ್ರು. ಕಿವಿ ಮಂದ. ಅವರಿಗೂ ಗಂಟೆ ಕೇಳಿಸಿತ್ತು. ಬೇರೆ ಬಣ್ಣ ಬೇಡ, ಅದೇ ಸಾಕು ಅಂದ್ರು."

ಎವರ್ಟ್ ಬಾಗಿಲನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಊರಿನ ಕಡೆಯಿಂದ ಒಂದು ಟ್ರಾಮು ಬಂದು ನಿಂತು, ಇಬ್ಬರು ಇಳಿದು, ಅದು ಹೊರಟೂ ಹೋಯಿತು. ಅದು ಹೋದಮೇಲೂ ಬಾಗಿಲು ಅಲ್ಲೇ ಇತ್ತು.

"ಎರಡನೇದು ಉದ್ದಕ್ಕೆ ಬಾರಿಸಿತು ಅಂದ್ನಾ?"

"ನಿಲ್ಲಲೇ ಇಲ್ಲ ಅಂದ."

"ನಿಲ್ಲಲ್ಲ ಅದು. ಗಾಡಿ ನಿಲ್ಲೋವರೆಗೂ ಒತ್ಕೊಂಡೇ ಇರೋದು. ಕಾಲಲ್ಲಿ." ಅವನು ಬಗ್ಗಿ ತನ್ನ ಎಡಗಾಲನ್ನು ನೋಡಿದ, ಬೂಟಿನ ಮೂತಿಯನ್ನು, ಹೊಸದಾಗಿ ಪರಿಚಯವಾದವರನ್ನು ನೋಡುವಂತೆ. "ಗಂಟೆ ಇರೋದು ಕಾಲ ಕೆಳಗೆ ಕಣೇ. ಕೈ ಎಲ್ಲಾ ನೆನಪಿದೆ ನನಗೆ. ಬ್ರೇಕು, ಚಕ್ರ ಜಾರದ ಹಾಗೆ ಹಳಿಗೆ ಬಿಡೋ ಮರಳು, ಎಲ್ಲಾ ಕೈ. ಕಾಲನ್ನ ಕೇಳಲೇ ಇಲ್ಲ ನಾನು."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ. ಹಳಿ ದಾಟಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಜಾಗದಲ್ಲಿ ಹಳಿಯನ್ನು ಅಡ್ಡ ದಾಟಿದ್ದು ಅದೇ ಮೊದಲು. ಬಾಗಿಲನ್ನು ಮುಟ್ಟಲಿಲ್ಲ, ಅದಕ್ಕೆ ಬೆನ್ನು ಕೊಟ್ಟು ಬೀದಿಯತ್ತ ತಿರುಗಿ ನಿಂತ. ಇಂಗೆಲಾ ಹಿಂದೆಯೇ ಬಂದಳು. ಮನೆಗಳ ನಡುವಿನ ಸಂದಿಯಿಂದ ಬಿಸಿಲು ನೇರ ಅವನ ಕಣ್ಣಿಗೆ ಹೊಡೆಯುತ್ತಿತ್ತು. ಅಭ್ಯಾಸದಿಂದ ಅವಳು ಅವನ ಜಾಗಕ್ಕೆ ಸರಿಯಹೋದಳು.

"ಅಲ್ಲೇ ನಿಲ್ಲು," ಎಂದ ಎವರ್ಟ್. "ನೆರಳಲ್ಲಿರು."

ಅವಳು ಬಿಸಿಲಿಗೆ ಬೆನ್ನು ಮಾಡಿ ನಿಂತಳು. ಅವನು ಕಣ್ಣು ಕಿರಿದು ಮಾಡಿಕೊಂಡು, ಒಂದು ಕೈ ಮುಂದೆ ಚಾಚಿ ತೋರಿಸಿದ.

"ನಾನು ಬಂದಿದ್ದು ಆ ಕಡೆಯಿಂದ. ಎದುರುಗಡೆ ಗಾಡಿ ನಿಂತಿತ್ತು. ನಮ್ಮ ಇನ್ನೊಬ್ಳು ಡ್ರೈವರ್ ಲೀನಾಳ ಗಾಡಿ. ಅವರು ಅದರ ಹಿಂದಿನಿಂದ ಬಂದ್ರು, ಅಲ್ಲಿ, ಆ ಕಂಬ ಇದೆಯಲ್ಲ, ಅಲ್ಲಿ. ಕಂದು ಟೋಪಿ. ಕೈಯಲ್ಲಿ ಕಾಗದದ ಚೀಲ." ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡ. "ನನ್ನನ್ನ ನೋಡಿದ್ರು. ಹೆದರಿಕೆ ಇರಲಿಲ್ಲ. ಎಲ್ಲೋ ನೋಡಿದ್ದೀನಲ್ಲ ಇವನನ್ನ, ಅನ್ನೋ ಹಾಗೆ ನೋಡಿದ್ರು. ದಿನಾ ನನ್ನ ಗಾಡಿಗೆ ಹತ್ತಿರಬಹುದು. ನಾನು ಜನರ ಮುಖ ನೋಡೋದು ಕನ್ನಡಿಯಲ್ಲಿ, ತಿರುಗಾ ಮುರುಗಾ."

"ಹೆನ್ನಿಂಗ್," ಎಂದಳು ಇಂಗೆಲಾ. "ಮೆಟ್ಟಿಲ ಮೇಲೂ ಹಾಗೇ ಅಂತೆ. ಮೊದಲು ನೋಡ್ತಿರಲಿಲ್ಲ, ಆಮೇಲೆ ವಾಪಸ್ ಬಂದು ನಮಸ್ಕಾರ ಹೇಳ್ತಿದ್ರಂತೆ."

"ಹೆಸರು ಕಾಗದದಲ್ಲಿತ್ತು. ಹುಟ್ಟಿದ ತಾರೀಖಿನ ಜೊತೆ." ಅವನು ಬಿಸಿಲಿಗೋ ಯಾತಕ್ಕೋ ಕಣ್ಣು ಒರೆಸಿಕೊಂಡ. "ಹೀಗೆ ಯಾರೂ ಹೇಳಿರಲಿಲ್ಲ. ಹೆನ್ನಿಂಗ್."

ಊರಿನ ಕಡೆ ಹೋಗುವ ಟ್ರಾಮು ಬಂತು. ನಿಂತಿತು. ಡ್ರೈವರು ಸಣ್ಣ ಕೂದಲಿನ ಹೆಂಗಸು. ಹಸಿರು ಬಾಗಿಲ ಮುಂದೆ ನಿಂತವನನ್ನು ಕಂಡು ಅವಳ ಬಾಯಿ ತುಸು ತೆರೆಯಿತು. ಎವರ್ಟ್ ಜೇಬಿನಿಂದ ಕೈ ತೆಗೆದು ಎರಡು ಬೆರಳು ಎತ್ತಿದ. ನಡೆಯುವವರು ಹಾಗೆ ಮಾಡುವುದಿಲ್ಲ, ಅದು ಗಾಡಿಯಲ್ಲಿರುವವರ ರೂಢಿ. ಲೀನಾ ಹಿಡಿಕೆಯಿಂದ ಎರಡು ಬೆರಳು ಎತ್ತಿದಳು. ಹದಿನೆಂಟು ಸೆಕೆಂಡು ಮುಗಿಯಿತು, ಅವಳು ಕನ್ನಡಿ ನೋಡಿ ಬಾಗಿಲು ಮುಚ್ಚಿ ಹೊರಟಳು.

ಎಂಟನೇ ನಿಲ್ದಾಣದವರೆಗಿನ ನಾನೂರು ಹೆಜ್ಜೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಕೊನೆಯ ನಿಲ್ದಾಣದಲ್ಲಿ ಸಮುದ್ರದ ಗಾಳಿಗೆ ಎವರ್ಟ್ ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತ.

"ಸೋಮವಾರ ಬಾ," ಎಂದ. "ಹತ್ತು ನಲವತ್ತಕ್ಕೆ ಆ ಬಾಗಿಲ ಹತ್ರ."

"ಬಂದು ಏನು ಹೇಳಲಿ?"

"ಏನೂ ಹೇಳಬೇಡ. ಓಡ್ತಿರೋ ಗಾಡಿಯಲ್ಲಿ ಡ್ರೈವರ್ ಹತ್ರ ಮಾತಾಡೋ ಹಾಗಿಲ್ಲ. ಬೋರ್ಡು ಓದಿಲ್ವಾ?"

ಸೋಮವಾರ ಇಂಗೆಲಾ ಹತ್ತೂವರೆಗೇ ಬಂದಳು. ಅಂಗಡಿಯೊಳಗೆ ಕೂರು ಎಂದ ತಾಪಿಯೋ. ಇವತ್ತು ನಂಬರ್ ತೆಗೆದುಕೋ ಎನ್ನಲಿಲ್ಲ. ಅವಳು ಹೊರಗೇ, ಹಸಿರು ಬಾಗಿಲಿಗೆ ಎದುರಾಗಿ ನಿಂತಳು. ಎದುರಿನ ಕಿಟಕಿಯಲ್ಲಿ ಮೈಬ್ರಿಟ್ ಕೂತಿದ್ದಳು. ಯಾರು ಹೇಳಿದ್ದರೋ ಏನೋ, ಒಳ್ಳೆಯ ಕಾರ್ಡಿಗನ್ ಹಾಕಿಕೊಂಡಿದ್ದಳು. ಹತ್ತು ನಲವತ್ತಾಯಿತು. ನಲವತ್ತೆರಡಾಯಿತು. ನಲವತ್ತೈದಾಯಿತು. ನಿಲ್ದಾಣದಲ್ಲಿ ಕಾಯುತ್ತಿದ್ದ ಒಬ್ಬಾಕೆ ಗಡಿಯಾರ ನೋಡಿ ನಾಲಿಗೆ ಲೊಚಗುಟ್ಟಿದಳು.

ನಲವತ್ತೇಳಕ್ಕೆ ತಿರುವಿನಲ್ಲಿ ನೀಲಿ ಬಿಳಿ ಗಾಡಿ ಕಂಡಿತು. ನಿಧಾನ ಬರುತ್ತಿತ್ತು, ನಡೆಯುವವರಿಗಿಂತ ಸ್ವಲ್ಪ ಬೇಗ ಅಷ್ಟೆ. ಹಳಿಯ ಮೇಲೆ ಯಾರೂ ಇರಲಿಲ್ಲ. ಆದರೂ ನಿಲ್ದಾಣಕ್ಕೆ ಮೂವತ್ತು ಮೀಟರು ಇರುವಾಗ ಗಂಟೆ ಬಾರಿಸಿತು. ಎರಡು ಸಲ.

ಅಂಗಡಿಯೊಳಗೆ ತಾಪಿಯೋ ಡಬ್ಬಿಯ ಮೇಲಿಂದ ಕೈ ಎತ್ತಿ, ಗಂಟೆ ನಿಲ್ಲುವವರೆಗೆ ಹಾಗೇ ಹಿಡಿದುಕೊಂಡಿದ್ದ.

ಗಾಡಿ ನಿಂತಿತು. ಕಾಯುತ್ತಿದ್ದಾಕೆ ಹತ್ತಿದಳು, "ಐದು ನಿಮಿಷ ಲೇಟು!" ಎಂದು ಮುಂದಿನ ಗಾಜಿನತ್ತ ಕೂಗಿ. ಗಾಜಿನ ಹಿಂದೆ ಎವರ್ಟ್ ಬಿಸಿಲಿನ ಪರದೆ ಇಳಿಸಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನೇರ ಮುಂದೆ ನೋಡುತ್ತಿದ್ದ. ಇಂಗೆಲಾ ಎಣಿಸಿದಳು. ಹದಿನೆಂಟು. ಅವನು ಬಲಕ್ಕೆ ತಿರುಗಿ ಕನ್ನಡಿ ನೋಡಿದ, ಬಾಗಿಲು ಮುಚ್ಚಿದ.